ಮುಖ್ಯ ಅತಿಥಿಯ ಸರದಿ

ಇತಿಹಾಸದ ಅನ್ಯಾಯವನ್ನು ಸರಿಪಡಿಸಲು ಮೊದಲು ಬೇಕಾದದ್ದು ವಿನಯ. ಅಮೆರಿಕದ ಫ್ರಿಸ್ಕೋದ ನಮ್ಮ ಕನ್ನಡ ಸಂಘಕ್ಕೆ ಬೇಕಾದದ್ದು ಶಾಲು. ಈ ನೆಲದ ಮೂಲನಿವಾಸಿ ಹಿರಿಯರೊಬ್ಬರನ್ನು ತಮ್ಮ ಜನರ ಕಥೆ ಹೇಳಲೆಂದೇ ರಾಜ್ಯೋತ್ಸವಕ್ಕೆ ಕರೆದಿದ್ದೆವು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಹೊತ್ತು ಅವರೂ, ಪಕ್ಕದಲ್ಲಿ ಅಧ್ಯಕ್ಷನೆಂಬ ನಾನೂ ವೇದಿಕೆಯ ಮೇಲೆ ಸೆರೆಯಾದೆವು. ಭಾಷಣದ ಮೇಲೆ ಭಾಷಣ ನಡೆಯಿತು.

"ಇವರಿಗೆ ಈಗಲೇ ಮೈಕ್ ಕೊಡಪ್ಪಾ" ಎಂದು ಕಾರ್ಯದರ್ಶಿಗೆ ಪಿಸುಗುಟ್ಟಿದೆ.

"ಮುಖ್ಯ ಅತಿಥಿ ಕೊನಿಗೆ ಮಾತಾಡಬೇಕ್ರಿ ಅಂಕಲ್. ಮೊದಲ ಮಾತಾಡಿಸಿದ್ರ ಮರ್ಯಾದಿ ಏನ್ ಉಳೀತದ?"

ಹಿರಿಯರು ನನ್ನ ಕಡೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮನ್ನು ಬಹಳ ಜನ ಕಾಯಿಸಿದ್ದಾರೆ. ಪೇಟ ತೊಡಿಸಿ ಕಾಯಿಸಿದವರು ನೀವೇ ಮೊದಲು."

ಅವರ ಸರದಿಗೆ ಮುಂಚೆಯೇ ಸಭಾಂಗಣದ ಬಾಡಿಗೆಯ ಹೊತ್ತು ಮುಗಿದು, ಅಲ್ಲಿನ ಸಿಬ್ಬಂದಿ ದೀಪ ಆರಿಸಿದರು. ಅವರ ಕಥೆಯನ್ನು ನಾವು ಕೇಳಲಿಲ್ಲ.