ಜೋಮು ಹಿಡಿದ ಬೆರಳು

ರಾಮದುರ್ಗದ ನೇಕಾರರ ಓಣಿಯಲ್ಲಿ ಸೀರೆ ಮಡಚುವುದಕ್ಕೆ ಗುರುಬಸವ್ವನೇ ಬೇಕಿತ್ತು. ಗಂಡ ನಿಜಗುಣಪ್ಪ ಮಗ್ಗದಿಂದ ಇಳಿಸಿದ ಸೀರೆಯ ಮೇಲೆ ಒಮ್ಮೆ ಬೆರಳಾಡಿಸಿದರೆ ಸಾಕು, ಎಲ್ಲಿ ಎಳೆ ಕಡಿದಿದೆ ಎಂದು ಹೇಳಿಬಿಡುತ್ತಿದ್ದಳು. ಮಡಿಕೆ ತುಸು ಸೊಟ್ಟಗಾದರೂ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಮಗ್ಗಲು ಮನೆಯ ನಾನು ವಯಸ್ಸಿನಲ್ಲಿ ಹಿರಿಯಳಾದರೂ ಅವಳೆದುರು ಹಾಸಿಗೆ ಮಡಚಲು ಅಳುಕುತ್ತಿದ್ದೆ.

೨೦೦೭ರಲ್ಲಿ ಅವಳ ಬೆನ್ನುನೋವು ಮೂಳೆಮಜ್ಜೆಯ ಕ್ಯಾನ್ಸರ್ ಎಂದು ಬೆಳಗಾವಿಯಲ್ಲಿ ಗೊತ್ತಾಯಿತು. ನಿಜಗುಣಪ್ಪನ ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಅವಳ ಕಸುಬು ಕೇಳಿ, ಆ ಕಸುಬಿನ ಮಾತಿನಲ್ಲೇ ತಿಳಿಸಿದರು.

"ಜೀವಕೋಶದಾಗೂ ಪ್ರೋಟೀನ್ ಸರಿಯಾಗಿ ಮಡಚಬೇಕ್ರಿ. ಮಡಿಕಿ ಕೆಟ್ಟದ್ದು ಕಸಕ್ಕ ಹೋಗತೈತಿ. ಈ ಕ್ಯಾನ್ಸರ್ ಕೋಶ ಪ್ರೋಟೀನ್ ಅತಿಯಾಗಿ ಮಾಡತಾವು, ಅವಕ್ಕ ಕಸಾನೂ ಭಾಳ. ಈ ಇಂಜೆಕ್ಷನ್ ಆ ಕಸ ಹೋಗೋ ದಾರಿ ಮುಚ್ಚತೈತಿ. ತಮ್ಮ ಕಸದಾಗ ತಾವ ಸಿಕ್ಕು ಸಾಯತಾವು."

ಕೈಕಾಲಿಗೆ ಜೋಮು ಹಿಡಿದರೆ ಕೂಡಲೇ ತಿಳಿಸಬೇಕೆಂದು ಎರಡು ಸಲ ಹೇಳಿ ಕಳಿಸಿದರು.

ಎರಡನೆಯ ತಿಂಗಳಲ್ಲೇ ಬೆರಳ ತುದಿ ಮರಗಟ್ಟಿತು. ಅವಳು ತುಟಿ ಬಿಚ್ಚಲಿಲ್ಲ. ಮದ್ದು ಮೈಗೆ ಹತ್ತಿದ ಗುರುತೇ ಅದು, ಹೇಳಿದರೆ ಇಂಜೆಕ್ಷನ್ ನಿಲ್ಲಿಸಿ ತನ್ನನ್ನು ಸಾಯಲು ಬಿಡುತ್ತಾರೆ ಎಂದುಕೊಂಡಿದ್ದಳು. ಎಳೆ ಕಡಿದ ಸೀರೆಯನ್ನು ಹಾಗೆಯೇ ಮಡಚಿ ಕಳಿಸಿದಳು. ಅದು ಅಂಗಡಿಯಿಂದ ವಾಪಸು ಬಂದಾಗ ಕಣ್ಣು ಮಂಜಾಗಿದೆ ಎಂದಳು. ಒಂದು ಮುಂಜಾನೆ ರೊಟ್ಟಿ ತಿರುವುವಾಗ ಅವಳ ಬೆರಳು ಹಂಚಿಗೇ ಒತ್ತಿಕೊಂಡಿತ್ತು. ಚರ್ಮ ಸುಟ್ಟ ವಾಸನೆ ಬಂದು, ಬದಿಯಲ್ಲಿ ಕೂತಿದ್ದ ನಾನೇ ಅವಳ ಕೈ ಎಳೆದೆ. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದು, ನಿಜಗುಣಪ್ಪನನ್ನೂ ಕರೆದುಕೊಂಡು, ಮರುದಿನವೇ ಅವಳನ್ನು ಡಾಕ್ಟರ ಮುಂದೆ ಕೂರಿಸಿದೆ.

ಹೀಗೇ ಮುಚ್ಚಿಟ್ಟಿದ್ದರೆ ಕೈಯೇ ಕೆಲಸಕ್ಕೆ ಬಾರದಂತಾಗುತ್ತಿತ್ತು ಎಂದು ಅವರೂ ಸಿಟ್ಟಾದರು. ರಕ್ತದ ವರದಿ ಚೆನ್ನಾಗಿತ್ತು, ರೋಗ ಇಳಿಯುತ್ತಿತ್ತು. ಮದ್ದಿನ ಪ್ರಮಾಣ ಕಡಿಮೆ ಮಾಡಿದರು. ಜೋಮು ಹೋದರೂ ಮದ್ದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂದು ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು, ನಾವು ನಂಬಿದೆವು.

ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವಳಿಗೆ ಚಹಾ ಕೊಟ್ಟೆ. ಲೋಟ ಹಿಡಿದವಳು ಥಟ್ಟನೆ ಕೆಳಗಿಟ್ಟು ಬೆರಳು ನೋಡಿಕೊಂಡಳು.

"ಅಕ್ಕಾರ, ಬಿಸಿ ಹತ್ತಾಕತ್ತೈತ್ರಿ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ನಿಜಗುಣಪ್ಪನನ್ನು ಕೂಗಲು ಎದ್ದೆ. ಅವಳು ನನ್ನ ಸೆರಗು ಜಗ್ಗಿ ಕೂರಿಸಿದಳು.

"ಅವರಿಗೆ ಹೇಳಬ್ಯಾಡ್ರಿ. ಮದ್ದು ನನ್ನ ಬಿಟ್ಟು ಹೊಂಟೈತಿ."