ದೀಪದಕ್ಕನ ಇಪ್ಪತ್ತು ಸೆಕೆಂಡು

ಬೆಳಗಿನ ಆರೂವರೆ. ಬೀದಿ ಇನ್ನೂ ಆಕಳಿಸುತ್ತಿದೆ. ಮಹಡಿ ಮೇಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ದೀಪದಕ್ಕ ಗಾಜಿನ ಚೂರಿನ ಮೇಲೆ ಹಲ್ಲಿನ ಕುಳಿ ತುಂಬುವ ಬಿಳಿ ಅಂಟನ್ನು ಅಕ್ಕಿಕಾಳಿನಷ್ಟು ಇಟ್ಟು, ಅದನ್ನು ಗಟ್ಟಿಮಾಡುವ ನೀಲಿ ದೀಪ ಹಿಡಿದು ಇಪ್ಪತ್ತರವರೆಗೆ ಎಣಿಸುತ್ತಾರೆ. ಆಮೇಲೆ ಅದನ್ನು ಮಗುಚಿ, ತಳವನ್ನು ಸೂಜಿಯಿಂದ ಗೀರುತ್ತಾರೆ. ಗೀರು ಬಿದ್ದರೆ ತಳ ಇನ್ನೂ ಹಸಿ ಎಂದರ್ಥ; ಆ ದಿನ ದೀಪಕ್ಕೆ ರಜೆ.

"ಮೇಲ್ಗಡೆ ಎಲ್ರೂ ನೋಡ್ತಾರೆ. ನಾನು ತಳ ನೋಡ್ತೀನಿ."

ಗಂಡ ಹೋದ ಮೇಲೆ ಇಲ್ಲಿಗೆ ನೆಲ ಒರೆಸಲು ಬಂದವರು, ಹಿರಿಯ ಡಾಕ್ಟರ ಕೈ ನೋಡುತ್ತಲೇ ಕೆಲಸ ಕಲಿತರು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಎಂಟು-ಹತ್ತು ದವಡೆ ಹಲ್ಲು. ಹಲ್ಲಿಗೆ ನಾಲ್ಕು ಪದರ, ಪದರಕ್ಕೆ ಇಪ್ಪತ್ತು ಸೆಕೆಂಡು. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಬಂದವರು ಥ್ಯಾಂಕ್ಸ್ ಹೇಳುವುದು ಮಾತ್ರ ಡಾಕ್ಟರಿಗೆ!

ಒಂಬತ್ತು ಗಂಟೆಗೆ ಗಾರೆ ಮೇಸ್ತ್ರಿ ಕುರ್ಚಿಯಲ್ಲಿ ಒರಗುತ್ತಲೇ ದೀಪದಕ್ಕನ ಕಣ್ಣು ಅವರ ಬಾಯಿಯ ಖಾಲಿ ಜಾಗಕ್ಕೆ ಹೋಗುತ್ತದೆ. ಹನ್ನೊಂದು ವರ್ಷದ ಹಿಂದೆ, ಜನ ಕಾಯುತ್ತಿದ್ದಾರೆಂದು ಹಿರಿಯ ಡಾಕ್ಟರು ಇದೇ ಮೇಸ್ತ್ರಿಯ ಹಲ್ಲಿನ ಕುಳಿಯನ್ನು ಒಂದೇ ಸಲಕ್ಕೆ ತುಂಬಿಬಿಟ್ಟರು. ಬೆಳಕು ತಳ ಮುಟ್ಟಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು! ವರ್ಷ ತುಂಬುವುದರೊಳಗೆ ಹಲ್ಲು ಕೀಳಬೇಕಾಯಿತು. ಆ ಕಡೆ ಅಗಿಯಲು ಅವರಿಗೆ ಉಳಿದಿರುವುದು ಈಗ, ಇಂದು ತುಂಬಬೇಕಾದ ಈ ಹಲ್ಲೊಂದೇ.

"ನಂಗೆ ಅವತ್ತೇ ಗೊತ್ತಿತ್ತು. ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ," ಎಂದು ದೀಪದಕ್ಕ ಬೆಳಿಗ್ಗೆಯೇ ನನ್ನೊಡನೆ ಹೇಳಿದ್ದರು.

ಇಂದು ಕೆಲಸ ಹಿರಿಯರ ಮಗಳು ಚಿಕ್ಕ ಡಾಕ್ಟರದು. ಕೈ ಬಲು ಚುರುಕು, ತಾಳ್ಮೆ ಅಷ್ಟಕ್ಕಷ್ಟೆ. ಹಲ್ಲಿನ ಸುತ್ತ ತೆಳು ಲೋಹದ ಪಟ್ಟಿ, ಸಂದಿಗೆ ಮರದ ಪುಟ್ಟ ಬೆಣೆ. ಒಂದು ಪದರ, ಬೆಳಕು. ಎರಡು, ಬೆಳಕು. ಹೊರಗೆ ಬೆಲ್ ಮೇಲೆ ಬೆಲ್.

"ಉಳಿದಿದ್ದೆಲ್ಲ ಒಟ್ಟಿಗೇ ಕೊಡಿ ಅಕ್ಕಾ, ಮುಗಿಸಿಬಿಡೋಣ."

ದೀಪದಕ್ಕ ಉಳಿದ ಅಂಟಿನಲ್ಲಿ ಅರ್ಧ ಮಾತ್ರ ಮುಂದೆ ಹಿಡಿಯುತ್ತಾರೆ.

"ತಳ ಹಸಿಯಾಗೇ ಉಳಿಯತ್ತೆ ಡಾಕ್ಟ್ರೇ. ಇವರದ್ದೇ ಒಂದು ಹಲ್ಲು ಹಾಗೆ ಹೋಗಿದೆ. ಅವತ್ತು ನಾನು ಸುಮ್ನಿದ್ದೆ."

ಬಾಯಿ ತೆರೆದು ಮಲಗಿದ್ದ ಮೇಸ್ತ್ರಿಯ ಕಣ್ಣು ಥಟ್ಟನೆ ಅವರತ್ತ ಹೊರಳುತ್ತದೆ. ಚಿಕ್ಕ ಡಾಕ್ಟರ ಮುಖ ಕೆಂಪು. ಆದರೂ ಅವರು ಅರ್ಧವನ್ನೇ ತೆಗೆದುಕೊಳ್ಳುತ್ತಾರೆ. ಮೂರು, ಬೆಳಕು. ನಾಲ್ಕು, ಬೆಳಕು.

ಮೇಸ್ತ್ರಿ ಎದ್ದು ಬಾಯಿ ಮುಕ್ಕಳಿಸುತ್ತಾರೆ. ನಗುವುದಿಲ್ಲ.

"ಗೋಡೆ ಗಿಲಾವೇ ನಾನು ಒಂದೇ ಸಲ ಬಳಿಯಲ್ಲ. ಅವತ್ತೇ ಬಾಯ್ಬಿಡೋದಲ್ವೇನಮ್ಮಾ?"

"ತಪ್ಪಾಯ್ತು ಮೇಸ್ತ್ರೀ."

ಬಾಗಿಲವರೆಗೆ ಹೋದವರು ತಿರುಗುತ್ತಾರೆ. "ಇನ್ನೊಂದು ಕಡೇದೂ ಹುಳುಕಾಗಿದೆ. ಬರ್ತೀನಿ. ದೀಪ ನೀವೇ ಹಿಡೀಬೇಕು."

ದೀಪದಕ್ಕ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ದೀಪದ ಮೂತಿಯನ್ನು ಹತ್ತಿಯಿಂದ ಒರೆಸತೊಡಗುತ್ತಾರೆ. ನಿಮಗೇನಾಸೆ ಎಂದು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ: "ಅಗಿಯೋವಾಗ ಅವರಿಗೆ ಈ ಹಲ್ಲಿನ ನೆನಪೇ ಬರಬಾರ್ದು. ಅಷ್ಟಾದ್ರೆ ಸಾಕು."