ಸೀಗಡಿಗೆ ಹಾಕಿದ ಕೆನೆ

ಅವ್ವ ಊರಿಂದ ಬರುವಾಗಲೆಲ್ಲ ಮುಚ್ಚಳದ ಮೇಲೆ ಬಟ್ಟೆ ಬಿಗಿದ ಸ್ಟೀಲ್ ಡಬ್ಬಿಯಲ್ಲಿ ಕೆನೆ ತರುತ್ತಾಳೆ. ಕೊಪ್ಪದ ಹತ್ತಿರದ ನಮ್ಮ ಹಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಎಷ್ಟೇ ನೂಕುನುಗ್ಗಲಿದ್ದರೂ ಡಬ್ಬಿ ಅವಳ ತೊಡೆಯ ಮೇಲಿನಿಂದ ಇಳಿಯುವುದಿಲ್ಲ. ಹಾಲೆಲ್ಲ ಡೈರಿಗೆ ಹೋದಮೇಲೆ ಮನೆಗೆಂದು ಉಳಿದಷ್ಟನ್ನು ಕಾಯಿಸಿ, ಕೆನೆ ತೆಗೆದು ಮಗಳಿಗೆಂದು ಕೂಡಿಡುತ್ತಾಳೆ. ನಾನದನ್ನು ಕಡೆದು ತುಪ್ಪ ಕಾಯಿಸಬೇಕು ಎಂಬುದು ಅವಳ ಆಸೆ. ಆ ಭಾನುವಾರ ನಾನದನ್ನು ಸೀಗಡಿಗೆ ಹಾಕಿದೆ.

ಗೊತ್ತಿಲ್ಲದೆ ಹಾಕಿದ್ದಲ್ಲ. ಮೀನು ತಿಂದ ದಿನ ಹಾಲು ಮುಟ್ಟಬಾರದು ಎಂಬ ಮಾತನ್ನು ಕೇಳಿಕೊಂಡೇ ಬೆಳೆದವಳು ನಾನು. ನಮ್ಮ ಮನೆಯಲ್ಲಿ ಮೀನು ತಂದ ದಿನ ಅಡುಗೆ ಹಿತ್ತಲಿನ ಒಲೆಗೆ ಹೋಗುತ್ತಿತ್ತು, ಹಾಲಿನ ಪಾತ್ರೆ ಅಟ್ಟ ಹತ್ತುತ್ತಿತ್ತು. ಊಟದ ಕೊನೆಗೆ ಮಜ್ಜಿಗೆ ಕೂಡ ಸಿಗುತ್ತಿರಲಿಲ್ಲ. ಎರಡೂ ಹೊಟ್ಟೆಯಲ್ಲಿ ಸೇರಿದರೆ ತೊನ್ನು ಬರುತ್ತದಂತೆ.

ನನಗೆ ಬಂತು. ಪಿಯುಸಿ ಓದುವಾಗ ಬಲಗೈ ತೋರುಬೆರಳ ಬುಡದಲ್ಲಿ ಬೇಳೆಯಷ್ಟು ಬಿಳಿ ಕಾಣಿಸಿಕೊಂಡಿತು, ಪರೀಕ್ಷೆ ಮುಗಿಯುವಷ್ಟರಲ್ಲಿ ಮಣಿಕಟ್ಟಿನವರೆಗೆ ಹಬ್ಬಿತು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ ಎಂದು ಮೈಸೂರಿನ ಡಾಕ್ಟರು ಬಿಡಿಸಿ ಹೇಳಿದರು. ಅವ್ವ ಅವರೆದುರು ತಲೆಯಾಡಿಸಿದಳು, ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದನ್ನೆಲ್ಲ ಗಾಳಿಗೆ ತೂರಿದ್ದಳು. ಮನೆಯಲ್ಲಿ ಅಪ್ಪನ ತಾಯಿ ಬೀದಿಗೆಲ್ಲ ಕೇಳಿಸುವಂತೆ ಅವ್ವನನ್ನು ಬೈದಳು. ಮೀನಿನ ದಿನ ಕದ್ದುಮುಚ್ಚಿ ಮಗಳಿಗೆ ಹಾಲು ಕುಡಿಸಿ ಅವಳ ಬಾಳು ಹಾಳುಮಾಡಿದಳು ಎಂದು. ಎಂಥ ಸುಳ್ಳು. ಹಾಲಿನ ವಾಸನೆಗೇ ನನಗೆ ವಾಕರಿಕೆ ಬರುತ್ತಿತ್ತು, ಅದು ಇಡೀ ಮನೆಗೆ ಗೊತ್ತಿತ್ತು. ಆದರೂ ಅವ್ವ ಎದುರು ಮಾತಾಡಲಿಲ್ಲ. ಅಂದಿನಿಂದ ತಾನೇ ಮೀನು ಬಿಟ್ಟಳು. ಮನೆಗೆ ಯಾರಾದರೂ ಬಂದರೆ ನನ್ನ ಪಕ್ಕದಲ್ಲಿ ಬಂದು ಕೂತು, ಸೆರಗಿನ ತುದಿಯನ್ನು ನನ್ನ ಕೈಮೇಲೆ ಎಳೆದು ಹಾಕುವುದನ್ನು ಕಲಿತಳು.

ಆ ಸೆರಗಿನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅಜ್ಜಿ ಸತ್ತು ಎಷ್ಟೋ ಕಾಲವಾಯಿತು, ಅವಳ ಬೈಗುಳ ಅವಳ ಜೊತೆಗೇ ಹೋಯಿತು. ಅವ್ವನ ಸೆರಗು ಮಾತ್ರ ಹೋಗಲಿಲ್ಲ. ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಕೈ ತೊಳೆದು, ಹೇಳಿ ಕಳಿಸುತ್ತೇವೆ ಎಂದು ಹೋದರು. ಕೊನೆಗೆ ಮಳವಳ್ಳಿ ಕಡೆಯವರೊಬ್ಬರು ಒಪ್ಪಿದರು. ಕೈ ನೋಡಿಯೂ ಒಪ್ಪಿದ್ದಕ್ಕೆ ನನ್ನ ಗಂಡನಿಗೆ ದೊಡ್ಡ ಮನಸ್ಸಿನವರು ಎಂಬ ಹೆಸರು ಬಂತು. ಅದನ್ನು ಅವರು ಒಮ್ಮೆಯೂ ಅಲ್ಲಗಳೆಯಲಿಲ್ಲ, ಯಾರಾದರೂ ಹೊಗಳಿದರೆ ಸುಮ್ಮನೆ ನಗುತ್ತಾರೆ. ಆ ಭಾನುವಾರ ಅವರು ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಮಳವಳ್ಳಿಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ, ಅವ್ವ, ನಾನು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಮಗಳು.

ಪಾಸ್ತಾ ಕೇಳಿದ್ದು ಮಗಳು. ಗೆಳತಿಯರ ಜೊತೆ ಮೈಸೂರಿನ ಹೋಟೆಲಿನಲ್ಲಿ ಕೆನೆ ಹಾಕಿದ ಖಾರದ ಸೀಗಡಿ ಪಾಸ್ತಾ ತಿನ್ನುತ್ತಾಳಂತೆ, ಮನೆಯಲ್ಲೂ ಮಾಡು ಎಂದಳು. ಅವಳಿಗೆ ಹಾಲು ಮೀನಿನ ಕತೆ ನಾನು ಹೇಳಿರಲಿಲ್ಲ. ಕೈ ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಅಲ್ಲಿ ಬಣ್ಣ ಹೋಗಿದೆ ಅಷ್ಟೇ ಎಂದಿದ್ದೆ. ಅವಳಿಗೆ ಅಷ್ಟು ಸಾಕಾಗಿತ್ತು. ನಾನು ಕಲಸಿ ಕೊಟ್ಟ ತುತ್ತನ್ನು ಹಿಂದೆಮುಂದೆ ನೋಡದೆ ತಿಂದು ಬೆಳೆದವಳು. ನನ್ನ ಸಂಪಾದನೆ ಎಂದರೆ ಅದೊಂದೇ ಎಂದುಕೊಂಡಿದ್ದೆ.

ಅವ್ವ ಊರಲ್ಲಿರುವಾಗ ಮಾಡಿ ಮುಗಿಸಬಹುದಿತ್ತು. ಅವ್ವನ ಎದುರೇ ಮಾಡಬೇಕೆಂಬ ಹಟ ನನ್ನದು. ಮೂವರೂ ತಿಂದು, ಮರುದಿನ ಎದ್ದು ಮೈಕೈ ನೋಡಿಕೊಂಡು ಏನೂ ಆಗಿಲ್ಲವೆಂದು ಕಂಡರೆ, ಅವ್ವನ ತಲೆಯಿಂದ ಆ ಹಳೇ ಹೊರೆ ಇಳಿಯುತ್ತದೆ ಎಂಬ ಆಸೆ. ಅವಳು ಒಂದು ಚಮಚ ತಿಂದರೂ ಸಾಕಿತ್ತು ನನಗೆ.

ಮಾರ್ಕೆಟ್ಟಿನಿಂದ ಐಸ್‌ನಲ್ಲಿಟ್ಟ ಸಮುದ್ರದ ಸೀಗಡಿ ತಂದೆ. ಸಿಪ್ಪೆ ಬಿಡಿಸಿ, ಬೆನ್ನು ಸೀಳಿ ಕಪ್ಪು ನರ ಎಳೆದು, ಉಪ್ಪು ಅರಿಶಿನ ಸವರಿಟ್ಟೆ. ನೆನೆಸಿದ ಬ್ಯಾಡಗಿ ಮೆಣಸಿನಕಾಯಿಗೆ ನಾಲ್ಕು ಗುಂಟೂರು ಸೇರಿಸಿ ಬೆಳ್ಳುಳ್ಳಿಯ ಜೊತೆ ನುಣ್ಣಗೆ ರುಬ್ಬಿದೆ. ಸೀಗಡಿಯನ್ನು ಬೆಣ್ಣೆಯಲ್ಲಿ ಸುರುಟಿಕೊಳ್ಳುವವರೆಗೆ ಮಾತ್ರ ಹುರಿದು ತೆಗೆದೆ, ಹೆಚ್ಚು ಹೊತ್ತು ಬಿಟ್ಟರೆ ರಬ್ಬರಾಗುತ್ತದೆ. ಅದೇ ಬಾಣಲೆಗೆ ಈರುಳ್ಳಿ, ಟೊಮೇಟೊ, ಖಾರ. ಮನೆಯ ಕೆನೆ ಅಂಗಡಿಯ ಕ್ರೀಮಿನ ಹಾಗಲ್ಲ, ಪದರ ಪದರವಾಗಿರುತ್ತದೆ. ನುಣ್ಣಗಾಗುವಂತೆ ಕಲಕಿ, ಉರಿ ತಗ್ಗಿಸಿ, ಪಾಸ್ತಾ ಬೆಂದ ನೀರನ್ನು ಚೂರುಚೂರೇ ಬೆರೆಸುತ್ತ ಹಾಕಿದೆ. ಕುದಿ ಬಂದರೆ ಒಡೆದುಹೋಗುತ್ತದೆ. ಕೊನೆಗೆ ಹುರಿದಿಟ್ಟ ಸೀಗಡಿ, ಬೆಂದ ಪಾಸ್ತಾ ಹಾಕಿ ತಿರುವಿದೆ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತದ್ದು ಆಗ. ಅವಳ ಕಣ್ಣು ಮೊದಲು ಬರಿದಾದ ಡಬ್ಬಿಯ ಮೇಲೆ ಬಿತ್ತು, ಆಮೇಲೆ ಬಾಣಲೆಯ ಮೇಲೆ.

“ಸೀಗ್ಡಿಗೆ ಕೆನೆ ಉಯ್ದೆಯೇನೇ?”

ಹೂಂ ಎಂದೆ. ಅವಳು ಡಬ್ಬಿ ತೆಗೆದುಕೊಂಡು ಹೋಗಿ, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ಒಪ್ಪಿಕೊಂಡಳೇನೋ ಎಂದು ಹಿಗ್ಗಿದೆ, ನನ್ನಂಥ ಪೆದ್ದಿ ಇಲ್ಲ.

ಮೂರು ತಟ್ಟೆಗೆ ಬಡಿಸಿದೆ. ಮಗಳು ಫೋನಿನಲ್ಲಿ ಫೋಟೊ ತೆಗೆದು, ಹೋಟೆಲಿನದಕ್ಕಿಂತ ಚೆನ್ನಾಗಿ ಕಾಣುತ್ತಿದೆ ಎಂದು ಚಮಚ ಎತ್ತಿದಳು. ಅವ್ವ ಕೈ ಚಾಚಿ ಅವಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮಗೀಗೆ ಇಕ್ಬ್ಯಾಡ ಕಣವ್ವ. ನಿನ್ ಕೈ ಆದಂಗೆ ಅವಳ್ದೂ ಆಗ್ಲಿ ಅಂತಾವಾ?”

ಏನಾಯಿತೆಂದು ಮಗಳು ಕೇಳಿದಳು. ಅವ್ವ ಎಲ್ಲ ಹೇಳಿದಳು, ಹಿತ್ತಲಿನ ಒಲೆ, ಅಟ್ಟದ ಮೇಲಿನ ಹಾಲು, ಅಜ್ಜಿ ಬೈದದ್ದು, ಬಂದ ಗಂಡುಗಳು ಎದ್ದು ಹೋದದ್ದು. ನಾನು ಇಷ್ಟು ವರ್ಷ ಬಾಯಿ ಬಿಡದೆ ಕಾದದ್ದನ್ನು ಪಾಸ್ತಾ ಆರುವ ಮೊದಲೇ ಹೇಳಿ ಮುಗಿಸಿದಳು. ನನಗೆ ರೇಗಿತು.

“ನೀನು ಹಾಲು ಕೊಟ್ಟೇ ಇರ್ಲಿಲ್ವಲ್ಲವ್ವ. ಮತ್ತೆ ಹೆಂಗ್ ಬಂತು ನಂಗೆ?”

ಅವ್ವ ನನ್ನನ್ನು ತಿಳಿವಳಿಕೆಯಿಲ್ಲದ ಮಗುವನ್ನು ನೋಡುವಂತೆ ನೋಡಿದಳು.

“ಕೊಡ್ದೇನೇ ಇಷ್ಟಾಯ್ತು. ಕೊಟ್ಟಿದ್ರೆ ಮೊಕಕ್ಕೂ ಬತ್ತಿತ್ತು ಕಣೆ.”

ಇದಕ್ಕೆ ಯಾವ ಡಾಕ್ಟರು ಏನು ಹೇಳಿಯಾರು? ನಾನು ಮಗಳ ತಟ್ಟೆಯನ್ನು ವಾಪಸು ಅವಳ ಮುಂದೆ ಸರಿಸಿದೆ. ವಿಜ್ಞಾನ ಓದುವವಳು, ನಕ್ಕು ತಿನ್ನುತ್ತಾಳೆ ಎಂದು ನಂಬಿದ್ದೆ. ಅವಳು ಚಮಚದಿಂದ ಒಂದು ಸೀಗಡಿಯನ್ನು ಅತ್ತ ಇತ್ತ ಹೊರಳಿಸಿದಳು. ಹಸಿವಿಲ್ಲ ಎಂದಳು. ಮೈಸೂರಿನಲ್ಲಿ ಇದನ್ನೇ ತಿನ್ನುತ್ತೀಯಲ್ಲ ಎಂದು ಕೇಳಿದೆ.

“ಅವಾಗ ಗೊತ್ತಿರ್ಲಿಲ್ಲ ಅಮ್ಮ,” ಎಂದಳು. ಹೇಳುತ್ತ ಅವಳ ಕಣ್ಣು ಮೇಜಿನ ಮೇಲಿದ್ದ ನನ್ನ ಬಲಗೈಗೆ ಹೋಯಿತು, ಅಲ್ಲಿಂದ ಅವಳದೇ ಬೆರಳುಗಳಿಗೆ.

ಅವಳು ನೋಡಿದ್ದನ್ನು ಅವ್ವನೂ ನೋಡಿದಳು. ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಆದರೂ ಸೆರಗಿನ ತುದಿಯನ್ನು ಎಳೆದು, ಮೊಮ್ಮಗಳಿಗೆ ಕಾಣಿಸದ ಹಾಗೆ ನನ್ನ ಕೈಮೇಲೆ ಹಾಕಿದಳು.

ನಾನು ಕೈ ಬಿಡಿಸಿಕೊಂಡೆ. ಚಮಚ ಬದಿಗಿಟ್ಟು, ಅದೇ ಕೈಯಲ್ಲಿ ಕಲಸಿ ತಿಂದೆ. ಕೆನೆ ಒಡೆದಿರಲಿಲ್ಲ, ಖಾರ ಹದವಾಗಿತ್ತು. ಅವರಿಬ್ಬರೂ ನನ್ನನ್ನು ನೋಡುತ್ತ ಕೂತಿದ್ದರು.